ಓಟಗಾರರ ಪಾದದ ಎಲುಬಿನ ಬಿರುಕು

ಎಲುಬು ಮುರಿಯಲು ಬೀಳಲೇಬೇಕೆಂದಿಲ್ಲ. ಸಾವಿರಾರು ಹೆಜ್ಜೆಗಳ ಸಣ್ಣ ಪೆಟ್ಟುಗಳೂ ಸಾಕು. ದುಡಿದ ಎಲುಬು ವಿಶ್ರಾಂತಿಯಲ್ಲಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಆ ಬಿಡುವು ದೊರೆಯದಿದ್ದರೆ ಕೂದಲೆಳೆಯಂತಹ ಬಿರುಕು ಮೂಡುತ್ತದೆ. 1855ರಲ್ಲಿ ಪ್ರಷ್ಯದ ಸೇನಾವೈದ್ಯನಾದ ಬ್ರೈಟ್‌ಹೌಪ್ಟನು ದೀರ್ಘ ನಡಿಗೆಯ ಸೈನಿಕರ ಪಾದಗಳಲ್ಲಿ ಈ ನೋವನ್ನೂ ಊತವನ್ನೂ ವರ್ಣಿಸಿದನು. ಅದರ ಮೂಲ ಎಲುಬಿನ ಬಿರುಕೆಂಬುದು 1897ರಲ್ಲಿ, ಕ್ಷ-ಕಿರಣದಿಂದ ತಿಳಿದುಬಂದಿತು.

ನಮ್ಮ ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳುಗಾಳಿಯಲ್ಲಿ ಓಡಿದರೆ ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು ಅಷ್ಟು ಬೇಗ ಪಳಗದು. ಮಸಿನಗುಡಿಯಿಂದ ಬಂದ ಹುಡುಗನು ಮೊದಲ ವಾರದಲ್ಲೇ ಏರಿಳಿತದ ಹಾದಿಯಲ್ಲಿ ದಿನವೂ ಓಡಿದರೆ ಅಪಾಯ ತಪ್ಪಿದ್ದಲ್ಲ.

ಈ ನೋವು ಓಡುವಾಗ ಹೆಚ್ಚಿ, ಕುಳಿತಾಗ ಇಳಿಯುತ್ತದೆ. ಬೆರಳ ತುದಿಯಿಂದ ಒತ್ತಿದರೆ ಒಂದೇ ತಾಣ ನೋಯುತ್ತದೆ. ಹೆಚ್ಚಾಗಿ ಎರಡನೆಯ, ಮೂರನೆಯ ಬೆರಳುಗಳ ಹಿಂದಿನ ನೀಳ ಎಲುಬುಗಳಲ್ಲಿ. ಮೊದಲ ಎರಡು ಮೂರು ವಾರ ಕ್ಷ-ಕಿರಣದ ಚಿತ್ರದಲ್ಲಿ ಏನೂ ಕಾಣದಿರಬಹುದು. ಚಿತ್ರವು ಸರಿಯಾಗಿದೆಯೆಂದು ಮಗುವನ್ನು ಮತ್ತೆ ಓಡಿಸುವುದು ಸಲ್ಲದು. ಬೆರಳೊತ್ತಿನ ನೋವನ್ನೇ ನಂಬಬೇಕೆಂದು ನಾವು ತಿಳಿಯುತ್ತೇವೆ. ಎಂ.ಆರ್.ಐ. ಪರೀಕ್ಷೆಯು ಬಿರುಕನ್ನು ಬೇಗನೆ ತೋರಿಸುತ್ತದೆ.

ನೀಳ ಎಲುಬುಗಳಿಗೆ ಗಟ್ಟಿ ಅಟ್ಟೆಯ ಪಾದರಕ್ಷೆ ಮತ್ತು ಆರರಿಂದ ಎಂಟು ವಾರಗಳ ಬಿಡುವು ಸಾಮಾನ್ಯವಾಗಿ ಸಾಕು. ಆದರೆ ಪಾದದ ಕಮಾನಿನ ಮೇಲಿರುವ ದೋಣಿಯಾಕಾರದ ಎಲುಬಿನ ನಡುಭಾಗಕ್ಕೆ ರಕ್ತದ ಹರಿವು ಕಡಿಮೆ. ಅದು ಬಿರಿದರೆ ಪ್ಲಾಸ್ಟರ್ ಕಟ್ಟಿಸಿ, ಸುಮಾರು ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು. ಕಿರುಬೆರಳಿನ ಹಿಂದಿನ ಎಲುಬಿನ ಬುಡವೂ ಹಟಮಾರಿಯೇ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಿಂದ ತಿರುಪು ಹಾಕಬೇಕಾಗುತ್ತದೆ. ಅರೆಹೊಟ್ಟೆಯಲ್ಲಿ ಓಡುವವರಿಗೆ, ಮುಟ್ಟು ನಿಂತ ಹುಡುಗಿಯರಿಗೆ ಈ ಬಿರುಕು ಮರುಕಳಿಸುವುದುಂಟು. ಆದುದರಿಂದ ಊಟದ ವಿಚಾರವನ್ನೂ ಸಂಕೋಚವಿಲ್ಲದೆ ವಿಚಾರಿಸಬೇಕು. ನೋವಿಲ್ಲದೆ ನಡೆಯಲು ಬಂದ ಮೇಲೆಯೇ, ಮೊದಲು ಹುಲ್ಲುನೆಲದಲ್ಲಿ, ನಿಧಾನದ ಓಟ.