ಅಣುಬೂದಿ ಮತ್ತು ಮಕ್ಕಳ ಥೈರಾಯಿಡ್ ಗ್ರಂಥಿ

ನಮ್ಮ ವಾಚನಾಲಯದ ಬಂಧುಗಳಲ್ಲಿ ಚೆಂಬೂರು, ಮಾನ್‌ಖುರ್ದ್, ಟ್ರಾಂಬೆಗಳ ಕಡೆ ಬಿಡಾರ ಮಾಡಿರುವವರು ಬಹಳ ಮಂದಿ. ಅಣುಶಕ್ತಿಯ ಮಾತು ಬಂದಾಗಲೆಲ್ಲ, "ಅದರಿಂದ ಮಕ್ಕಳ ಕೊರಳಿಗೆ ರೋಗ ಬರುವುದಂತೆ, ನಿಜವೇ?" ಎಂಬ ಪ್ರಶ್ನೆ ಏಳುವುದುಂಟು. ವದಂತಿಯನ್ನು ಬದಿಗಿಟ್ಟು ನಿಜಸಂಗತಿಯನ್ನು ತಿಳಿಯೋಣ.

ಗಂಟಲಮಣಿಯ ತುಸು ಕೆಳಗೆ ಚಿಟ್ಟೆಯ ಆಕಾರದ ಥೈರಾಯಿಡ್ ಗ್ರಂಥಿ ಇದೆ. ಮೈಯ ಕಾವು, ಮಕ್ಕಳ ಬೆಳವಣಿಗೆ, ಬುದ್ಧಿಯ ಚುರುಕು ಎಲ್ಲವೂ ಅದರ ರಸವನ್ನು ಅವಲಂಬಿಸಿವೆ. ಆ ರಸಕ್ಕೆ ಅಯೋಡಿನ್ ಬೇಕು. ಅಣುಬಾಂಬು ಸಿಡಿದಾಗ ಅಥವಾ ಅಣುಸ್ಥಾವರ ಒಡೆದಾಗ ಹೊರಬೀಳುವ ವಸ್ತುಗಳಲ್ಲಿ ವಿಕಿರಣ ಸೂಸುವ ಅಯೋಡಿನ್-131 ಕೂಡ ಇರುತ್ತದೆ. ಬಿಲ್ಲೆ ನೋಡಿ, ಮುಖ ನೋಡದೆ ಒಳಗೆ ಬಿಡುವ ಗಿರಣಿಯ ಕಾವಲುಗಾರನಂತೆ, ಗ್ರಂಥಿ ಇದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ.

ಬೂದಿ ಹುಲ್ಲಿನ ಮೇಲೆ ಬೀಳುತ್ತದೆ. ಹಸು ಹುಲ್ಲು ಮೇಯುತ್ತದೆ. ಮಗು ಹಾಲು ಕುಡಿಯುತ್ತದೆ. ಮಗುವಿನ ಗ್ರಂಥಿ ಪುಟ್ಟದು. ಆದಕಾರಣ ಅಷ್ಟೇ ಅಯೋಡಿನ್ ಸೇರಿದರೂ ಗ್ರಂಥಿಯ ಒಂದೊಂದು ಕಣಕ್ಕೆ ತಗಲುವ ಪೆಟ್ಟು ದೊಡ್ಡದು. ಬೆಳೆಯುವ ವಯಸ್ಸಿನಲ್ಲಿ ಜೀವಕಣಗಳು ಬೇಗ ಬೇಗ ಒಡೆದು ಹೆಚ್ಚುವುದರಿಂದ ಕೆಟ್ಟ ಕಣವೂ ಹಾಗೆಯೇ ಹೆಚ್ಚಬಹುದು.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಜಲಜನಕ ಬಾಂಬನ್ನು ಸಿಡಿಸಿತು. ದೂರದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿಯ ಬೂದಿ ಸುರಿಯಿತು. ಏನೂ ಅರಿಯದ ಮಕ್ಕಳು ಅದರಲ್ಲಿ ಆಡಿದರು. ಕೊರಳ ಗಂಟು ಮೊದಲು ಕಂಡದ್ದು 1963ರಲ್ಲಿ, ಎಂದರೆ ಒಂಬತ್ತು ವರ್ಷಗಳ ಬಳಿಕ. ಗ್ರಂಥಿ ಸೊರಗಿ ಬೆಳವಣಿಗೆಯೇ ಕುಂಠಿತವಾದ ಮಕ್ಕಳೂ ಇದ್ದರು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. 80 ದಿನಗಳಲ್ಲಿ ಹತ್ತು ಸಲ ಅರ್ಧವಾಗಿ, ಸಾವಿರದಲ್ಲಿ ಒಂದು ಪಾಲೂ ಉಳಿಯದು. ವಿಷ ಮೂರು ತಿಂಗಳಲ್ಲಿ ಹೋದರೂ ಅದು ಕೆಡಿಸಿದ ಜೀವಕಣ ಉಳಿಯುತ್ತದೆ. ಅಂತಹ ಮಕ್ಕಳನ್ನು ದೊಡ್ಡವರಾದ ಮೇಲೂ ಪರೀಕ್ಷಿಸುತ್ತಿರಬೇಕೆನ್ನುವುದು ಇದಕ್ಕಾಗಿಯೇ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಒಡೆಯಿತು. ಹಾಲನ್ನು ಕೂಡಲೇ ತಡೆಯದ ಊರುಗಳಲ್ಲಿ ನಾಲ್ಕೈದು ವರ್ಷಗಳಲ್ಲಿ ಮಕ್ಕಳ ಥೈರಾಯಿಡ್ ಕ್ಯಾನ್ಸರ್ ಹೆಚ್ಚಿತು. ಆಗ ಹದಿನೆಂಟು ತುಂಬದಿದ್ದವರಲ್ಲಿ 2005ರವರೆಗೆ 6,000ಕ್ಕೂ ಮಿಕ್ಕಿ ಜನರಿಗೆ ಈ ರೋಗ ಕಂಡಿತು. ಇದರಲ್ಲಿ ದೊಡ್ಡ ಪಾಲು ಆ ಹಾಲಿನ ಫಲ. ಚಿಕಿತ್ಸೆ ದೊರೆತದ್ದರಿಂದ ತೀರಿಕೊಂಡವರು 15 ಮಂದಿ ಮಾತ್ರ. ಪೋಲೆಂಡ್ ದೇಶವು ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಒಳ್ಳೆಯ ಅಯೋಡಿನ್ ಕುಡಿಸಿತು. ಗ್ರಂಥಿ ಮೊದಲೇ ತುಂಬಿದ್ದರೆ ಕೆಟ್ಟದ್ದಕ್ಕೆ ಜಾಗವಿರದು.

ಮುಂಬಯಿಯ ಮಕ್ಕಳ ಮೇಲೆ ಅಂತಹ ಬೂದಿ ಸುರಿದಿಲ್ಲ. ಇಲ್ಲಿ ಅದೇ ಅಯೋಡಿನ್-131 ಔಷಧವಾಗಿದೆ. ಪರೇಲಿನಲ್ಲಿ 1963ರಲ್ಲಿ ಆರಂಭವಾದ ವಿಕಿರಣ ವೈದ್ಯ ಕೇಂದ್ರವು ಅದರಿಂದಲೇ ಥೈರಾಯಿಡ್ ರೋಗಿಗಳಿಗೆ ಚಿಕಿತ್ಸೆ ನೀಡುತ್ತ ಬಂದಿದೆ. ವೈದ್ಯರು ಅಳೆದು ಕೊಡುವ ದೊಡ್ಡ ಪ್ರಮಾಣ ರೋಗದ ಕಣವನ್ನು ಕೊಲ್ಲುತ್ತದೆ. ಬೂದಿಯಿಂದ ಬಂದದ್ದು ಎಷ್ಟೋ ಕಣಗಳನ್ನು ಕೊಲ್ಲದೆ, ಗಾಯಗೊಳಿಸಿ ಬಿಡುತ್ತದೆ.

ವಾಚಕರು ನೆನಪಿಡಬೇಕಾದದ್ದು ಇಷ್ಟು. 2011ರಲ್ಲಿ ಜಪಾನಿನ ಫುಕುಶಿಮಾ ಅಪಘಾತದ ವೇಳೆ, ಕೊರಳಿಗೆ ಗಾಯದ ಅಯೋಡಿನ್ ಹಚ್ಚಿಕೊಳ್ಳಿರೆಂಬ ಸುಳ್ಳು ಸುದ್ದಿ ಏಷ್ಯಾದ ದೇಶಗಳಲ್ಲಿ ಹರಡಿತು. ಅದರಿಂದ ರಕ್ಷಣೆಯಿಲ್ಲ. ಅಯೋಡಿನ್ ಮಾತ್ರೆಯನ್ನು ಸರಕಾರ ಹೇಳಿದಾಗ, ಹೇಳಿದಷ್ಟೇ ತೆಗೆದುಕೊಳ್ಳಬೇಕು. ಅದು ಬೇರೆ ವಿಕಿರಣವನ್ನು ತಡೆಯದು. ಅಡಿಗೆಗೆ ಎಂದಿನಂತೆ ಅಯೋಡಿನ್ ಉಪ್ಪನ್ನು ಬಳಸಿರಿ. ಹಸಿದ ಗ್ರಂಥಿ ಕೆಟ್ಟದ್ದನ್ನೂ ಹೆಚ್ಚು ಹೀರುತ್ತದೆ.

ಉಗುಳು ನುಂಗಿದಾಗ ಮೇಲೆ ಕೆಳಗೆ ಸರಿಯುವ ಗಂಟು ಕೊರಳಲ್ಲಿ ಕಂಡರೆ ಹೆದರಬೇಡಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಊರಿಗೆ ಹೋದಾಗ ತೋರಿಸೋಣವೆಂದು ಮುಂದೂಡಲೂ ಬೇಡಿ. ಅರ್ಧ ದಿನ ರಜೆ ಹಾಕಿ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋಗಿರಿ. ಚಿಕ್ಕಂದಿನಲ್ಲಿ ಕೊರಳಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿರಿ.