ಸ್ಪೇನಿನ ಕೆಂಪು ವೈನು ಮತ್ತು ದಾಸ್ತಾನಿನ ಲೆಕ್ಕ

ಫಸಲನ್ನು ಕೈಗೆ ಬಂದ ಕೂಡಲೇ ಮಾರಬೇಕೆ, ದಾಸ್ತಾನಿಟ್ಟು ಮಾರಬೇಕೆ ಎಂಬುದು ನಮ್ಮಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ. ಸ್ಪೇನ್ ದೇಶದ ದ್ರಾಕ್ಷಿ ಬೆಳೆಗಾರರೂ ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರ ಲೆಕ್ಕಾಚಾರವನ್ನು ಈ ಸಲ ನೋಡೋಣ.

ತೋಟ ಮತ್ತು ಇಳುವರಿ

ಸ್ಪೇನಿನ ಉತ್ತರದಲ್ಲಿ, ಎಬ್ರೋ ನದಿಯ ಕಣಿವೆಯಲ್ಲಿ ರಿಯೋಹಾ ಎಂಬ ಸೀಮೆಯಿದೆ. ಇಲ್ಲಿನ ಮುಖ್ಯ ತಳಿ ಟೆಂಪ್ರಾನಿಯೊ ಎಂಬ ಕಪ್ಪು ದ್ರಾಕ್ಷಿ. 1925ರಲ್ಲಿ ರಿಯೋಹಾ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಕೆಂಪು ವೈನಿನ ದ್ರಾಕ್ಷಿಗೆ ಹೆಕ್ಟೇರಿಗೆ 6,500 ಕಿಲೋ ಎಂಬ ಮಿತಿಯುಂಟು. ಸಾಮಾನ್ಯವಾಗಿ 100 ಕಿಲೋ ಹಣ್ಣಿಗೆ 70 ಲೀಟರಿಗಿಂತ ಹೆಚ್ಚು ವೈನು ತೆಗೆಯುವಂತಿಲ್ಲ. ಅಂದರೆ ಸುಮಾರು ಎರಡೂವರೆ ಎಕರೆಗೆ ಹೆಚ್ಚೆಂದರೆ 4,550 ಲೀಟರು. ಇದು 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ 20 ಪೀಪಾಯಿ, ಸೀಸೆಗಳಲ್ಲಿ 6,000 ಸೀಸೆ.

ನಾಲ್ಕು ದರ್ಜೆಗಳು

ಇಟ್ಟ ಅವಧಿಗೆ ತಕ್ಕಂತೆ ಕೆಂಪು ವೈನಿನಲ್ಲಿ ನಾಲ್ಕು ದರ್ಜೆಗಳಿವೆ:

1. ಎಳೆಯ ವೈನು: ಇಂತಿಷ್ಟು ಕಾಲ ಇಡಬೇಕೆಂಬ ನಿಯಮವಿಲ್ಲ.
2. ಕ್ರಿಯಾನ್ಸಾ: ಒಟ್ಟು 2 ವರ್ಷ. ಇದರಲ್ಲಿ ಪೀಪಾಯಿಯಲ್ಲಿ ಕನಿಷ್ಠ 1 ವರ್ಷ.
3. ರಿಸರ್ವಾ: ಒಟ್ಟು 3 ವರ್ಷ. ಪೀಪಾಯಿಯಲ್ಲಿ ಕನಿಷ್ಠ 1 ವರ್ಷ, ಸೀಸೆಯಲ್ಲಿ 6 ತಿಂಗಳು.
4. ಗ್ರಾನ್ ರಿಸರ್ವಾ: ಒಟ್ಟು 5 ವರ್ಷ. ಪೀಪಾಯಿಯಲ್ಲಿ ಕನಿಷ್ಠ 2 ವರ್ಷ, ಸೀಸೆಯಲ್ಲಿ 2 ವರ್ಷ.

ಸೀಮೆಯ ನಿಯಂತ್ರಣ ಮಂಡಳಿ ಕೊಡುವ, ಸಂಖ್ಯೆಯುಳ್ಳ ಚೀಟಿಯನ್ನು ಸೀಸೆಗೆ ಅಂಟಿಸಬೇಕು. ಕೊಳ್ಳುವವನಿಗೆ ಈ ಚೀಟಿಯೇ ಸಾಕ್ಷಿ.

ಕಾಯುವುದಕ್ಕೆ ತಗಲುವ ವೆಚ್ಚ

ಐದು ಎಕರೆಯ ಕುಟುಂಬವೊಂದು ಬೆಳೆದುದನ್ನೆಲ್ಲ ಗ್ರಾನ್ ರಿಸರ್ವಾ ಮಾಡಹೊರಟಿತೆನ್ನೋಣ. ಮೊದಲ ಸೀಸೆ ಮಾರುವ ಹೊತ್ತಿಗೆ ಉಗ್ರಾಣದಲ್ಲಿ 80 ಪೀಪಾಯಿಗಳೂ ಸುಮಾರು 36,000 ಸೀಸೆಗಳೂ ಕುಳಿತಿರುತ್ತವೆ. ಪೀಪಾಯಿಯ ಮರದ ಮೂಲಕ ವೈನು ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ಆ ಕೊರತೆಯನ್ನು ತುಂಬುತ್ತಿರಬೇಕು. ತಳದ ಗಷ್ಟನ್ನು ಬಿಟ್ಟು ಬೇರೆ ಪೀಪಾಯಿಗೆ ಬಗ್ಗಿಸಬೇಕು. ತೋಟದ ಕೂಲಿಯಂತೂ ಐದು ವರ್ಷವೂ ನಿಲ್ಲುವುದಿಲ್ಲ.

ಆರೋ ಪಟ್ಟಣದ ಲೋಪೆಸ್ ದೆ ಎರೆದಿಯಾ ಮನೆತನ 1877ರಿಂದ ಈ ಕೆಲಸದಲ್ಲಿದೆ. ಪೀಪಾಯಿಗಳನ್ನೂ ಅವರೇ ಮಾಡಿಕೊಳ್ಳುತ್ತಾರೆ. ಅವರ ಟೊಂಡೋನಿಯಾ ತೋಟದ ರಿಸರ್ವಾ ಪೀಪಾಯಿಯಲ್ಲೇ ಸುಮಾರು 6 ವರ್ಷ ಇರುತ್ತದೆ. ತಲೆಮಾರುಗಳ ದಾಸ್ತಾನು ಬೆನ್ನಿಗಿರುವುದರಿಂದ ಅವರಿಗೆ ಇದು ಸಾಧ್ಯ. ರಿಯೋಹಾದ ಅಲಾವಾ ಭಾಗದ ಸಣ್ಣ ಬೆಳೆಗಾರರ ಕ್ರಮ ಬೇರೆ. ಗೊಂಚಲುಗಳನ್ನು ಹಿಂಡದೆ ಹಾಗೆಯೇ ತೊಟ್ಟಿಗೆ ತುಂಬಿ ಹುದುಗಲು ಬಿಡುತ್ತಾರೆ. ಈ ಎಳೆಯ ವೈನು ಕೆಲವೇ ತಿಂಗಳಲ್ಲಿ ಮಾರಾಟಕ್ಕೆ ಸಿದ್ಧ.

ನಾವು ಗಮನಿಸಬೇಕಾದದ್ದು

ದಕ್ಷಿಣ ಕನ್ನಡದ ಚಾಲಿ ಅಡಿಕೆಯಲ್ಲೂ ಹೊಸತು, ಸಿಂಗಲ್ ಚೋಲು, ಡಬ್ಬಲ್ ಚೋಲು ಎಂದು ವಯಸ್ಸಿನ ಮೇಲೆ ದರ್ಜೆಗಳಿವೆ. ಕಾಫಿಯ ಸ್ವಭಾವ ಬೇರೆ. ಬಹುಕಾಲ ಇಟ್ಟರೆ ಬೀಜದ ಬಣ್ಣವೂ ಪರಿಮಳವೂ ಕುಂದುತ್ತವೆ. ಆದ್ದರಿಂದ ಯಾವ ಮಾಲು ಇಟ್ಟರೆ ಮಾಗುತ್ತದೆ, ಯಾವುದು ಕೆಡುತ್ತದೆ ಎಂಬುದನ್ನು ಮೊದಲು ಅರಿಯಬೇಕು. ವರ್ಷದ ಖರ್ಚಿಗೆ ಬೇಕಾದಷ್ಟನ್ನು ಮಾರಿ, ಮಿಕ್ಕದ್ದನ್ನು ಮಾತ್ರ ಇಡಬೇಕು. ಸಾಲ ತೆಗೆದು ದಾಸ್ತಾನಿಡುವವರು ಬಡ್ಡಿಯನ್ನೂ ತೂಕದ ಕೊರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂದೆ ಬರುವ ಹೆಚ್ಚಿನ ದರ ಇವೆರಡನ್ನೂ ತುಂಬಿಕೊಟ್ಟು ಮಿಗಬೇಕು. ಮಿಕ್ಕರೆ ಮಾತ್ರ ಅದು ಲಾಭ.