ಟೇಲರ ಸಾಹೇಬನ ಬಾಲ್ಯವು

ಹುನಗುಂದದಿಂದ ಈಶಾನ್ಯ ದಿಕ್ಕಿಗೆ ಹೋಗಿ ಕೃಷ್ಣೆಯನ್ನು ದಾಟಿದರೆ ಸುರಪುರದ ಗುಡ್ಡಗಳು ಸಿಕ್ಕುವವು. ಅಲ್ಲಿ ಟೇಲರ ಮಂಜಿಲ್ ಎಂಬ ಬಂಗಲೆ ಇರುವದು. ಅದರಲ್ಲಿ ವಾಸಿಸಿದ ಫಿಲಿಪ್ ಮೆಡೋಸ್ ಟೇಲರನು ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದವನು. ವಿಜಾಪುರದ ಆದಿಲಶಾಹಿ ಕಾಲದ ಕಥೆಯಾದ 'ತಾರಾ' ಎಂಬ ಪುಸ್ತಕವು 1863ರಲ್ಲಿ ಅಚ್ಚಾಯಿತು. ಆತನ ಅಧಿಕಾರದ ಸಂಗತಿಗಳನ್ನು ಅನೇಕರು ಕೇಳಿದ್ದಾರೆ. ನಾವು ಆತನ ಮನೆಯನ್ನೂ ಬಾಲ್ಯವನ್ನೂ ವಿಚಾರಿಸುವೆವು.

ಆತನು 1808ನೇ ಇಸವಿ ಸೆಪ್ಟೆಂಬರ 25ರಲ್ಲಿ ಲಿವರಪೂಲ್ ಎಂಬ ಬಂದರಿನಲ್ಲಿ ಹುಟ್ಟಿದನು. ತಂದೆಯು ವ್ಯಾಪಾರಿ, ತಾಯಿಯು ಮಿಟ್‌ಫೋರ್ಡ್ ಎಂಬ ಹಳೇ ಮನೆತನದವಳು. ತಂದೆಯ ವಂಶದ ಹಿರಿಯನಾದ ನಾರ್ವಿಚ್ ಪಟ್ಟಣದ ಜಾನ್ ಟೇಲರ್ ಬೋಧಕನು ಇಬ್ರಿಯ ಸತ್ಯವೇದದ ಶಬ್ದಗಳನ್ನು ಕ್ರಮವಾಗಿ ಕೂಡಿಸಿ ದೊಡ್ಡ ಗ್ರಂಥವನ್ನು ರಚಿಸಿದ್ದನು. ಇಂಥ ಓದುವ ಮನೆತನದಲ್ಲಿ ಹುಟ್ಟಿದರೂ ಹುಡುಗನಿಗೆ ಶಾಲೆಯ ವಿದ್ಯೆಯು ಪೂರಾ ದೊರೆಯಲಿಲ್ಲ. ಯಾಕಂದರೆ ತಂದೆಯ ವ್ಯಾಪಾರವು ಮುರಿದುಬಿತ್ತು. ಚಿಕ್ಕವನಿರುವಾಗಲೇ ಅವನು ಒಬ್ಬ ವರ್ತಕನ ಕಚೇರಿಯಲ್ಲಿ ಗುಮಾಸ್ತನಾಗಿ ಕೂತನು. ಮಗ್ಗ ನಿಂತ ವರುಷ ಮಗನನ್ನು ದೂರದ ಪಟ್ಟಣಕ್ಕೆ ಕಳುಹಿಸಿದ ಇಳಕಲ್ಲಿನ ತಾಯಂದಿರಿಗೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

1824ರಲ್ಲಿ, ಇನ್ನೂ ಹದಿನೈದು ವರುಷದವನಾಗಿರುವಾಗ, ಅವನನ್ನು ಹಡಗು ಹತ್ತಿಸಿ ಮುಂಬಯಿಗೆ ಕಳುಹಿಸಿದರು. ಅಲ್ಲಿಯ ಒಬ್ಬ ವ್ಯಾಪಾರಿಯು ಅವನನ್ನು ಮುಂದೆ ಪಾಲುಗಾರನನ್ನಾಗಿ ಮಾಡಿಕೊಳ್ಳುವನೆಂಬ ಭರವಸೆ ಇತ್ತು. ಇಳಿದು ನೋಡಲು ಆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು! ತಂದೆಗೆ ಬಂದ ಗತಿಯು ಮಗನಿಗಿಂತ ಮೊದಲೇ ಮುಂಬಯಿಯಲ್ಲಿ ಬಂದು ಕೂತ ಹಾಗಾಯಿತು. ಆಗ ತಾಯಿಯ ಕಡೆಯ ಸಂಬಂಧಿಕನಾದ ನ್ಯೂನ್‌ಹಮ್ ಎಂಬ ಸರಕಾರಿ ಅಧಿಕಾರಿಯು ಕೈಹಿಡಿದು, ಅದೇ ವರುಷ ಹೈದರಾಬಾದಿನ ನಿಜಾಮನ ದಂಡಿನಲ್ಲಿ ಅವನಿಗೆ ಕೆಲಸ ಕೊಡಿಸಿದನು.

ಹಣದ ಆಸ್ತಿ ಸಿಕ್ಕದಿದ್ದರೂ ಓದುವ ರೂಢಿ ಅವನಲ್ಲಿ ಉಳಿದಿತ್ತೆಂದು ನಮಗೆ ತೋರುತ್ತದೆ. ದಂಡಿನ ಕೆಲಸದ ನಡುವೆ ಈ ದೇಶದ ಭಾಷೆಗಳನ್ನೂ ಭೂಮಿ ಅಳೆಯುವ ವಿದ್ಯೆಯನ್ನೂ ತಾನೇ ಕಲಿತುಕೊಂಡನು. 1839ರಲ್ಲಿ ಠಕ್ಕರನ್ನು ಕುರಿತ ಮೊದಲನೇ ಕಾದಂಬರಿಯು ಲಂಡನ್ನಿನಲ್ಲಿ ಪ್ರಕಟವಾಗಿ ಬಹು ಹೆಸರಾಯಿತು.

1841ರಲ್ಲಿ ಅವನು ಸುರಪುರಕ್ಕೆ ಬಂದನು. ಸ್ವಲ್ಪ ಕಾಲದಲ್ಲಿ ರಾಜನು ತೀರಿಹೋಗಲು, ಬಾಲಕನಾದ ವೆಂಕಟಪ್ಪ ನಾಯಕನ ಪಾಲನೆಯೂ ಸಂಸ್ಥಾನದ ಕಾರಭಾರವೂ ಅವನ ಮೇಲೆ ಬಿದ್ದವು. 1844ರಲ್ಲಿ ಟೇಲರನ ಹೆಂಡತಿ ಸತ್ತಳು. ತನ್ನ ಮನೆಯಿಂದ ಬೇಗ ಅಗಲಿದವನು ತಂದೆಯಿಲ್ಲದ ಹುಡುಗನನ್ನು ಸಾಕಿದನು. ಹುಡುಗನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಆದರೆ ಆ ಅಪ್ಪನು ಕುಂಪಣಿ ಸರಕಾರದ ಪಕ್ಷದವನೂ ಆಗಿದ್ದನೆಂಬದನ್ನು ನಾವು ಮರೆಯಬಾರದು. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ರಾಜ್ಯವನ್ನು ಒಪ್ಪಿಸಿ ಹೊರಟನು. 1858ರಲ್ಲಿ ರಾಜನು ಇಂಗ್ಲಿಷರಿಗೆ ಎದುರುಬಿದ್ದು ಸೆರೆಯಾದನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಮರಣದಂಡನೆಯು ತಪ್ಪಿ ನಾಲ್ಕು ವರುಷದ ಸೆರೆಯಾಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ ರಾಜನು ಪಿಸ್ತೂಲಿನ ಗುಂಡಿನಿಂದ ಸತ್ತನು.